ಕೊಳಲಿನ ನಡುವೆ ಇದ್ದ ಮಾತು

ರೀ,

ಇವತ್ತು ಬೆಳಿಗ್ಗೆ ರೇಡಿಯೊದ ಭಾನುವಾರದ ಸಂಗೀತದಲ್ಲಿ ನಿಮ್ಮ ಕೊಳಲು ಬಂತು. ಬದುಕಿದ್ದಾಗ ಒಂದು ಅವಕಾಶಕ್ಕಾಗಿ ರೇಡಿಯೊದವರ ಬಾಗಿಲಿಗೆ ಅಲೆದು ಚಪ್ಪಲಿ ಸವೆಸಿದಿರಿ. ಸತ್ತ ಮೇಲೆ ಅವರೇ ಮನೆ ಹುಡುಕಿಕೊಂಡು ಬಂದರು.

ನೀವು ಮನೆಯಲ್ಲೇ ಊದಿ ರೆಕಾರ್ಡ್ ಮಾಡಿಟ್ಟಿದ್ದ ಆ ಒಂದೇ ಕ್ಯಾಸೆಟ್ಟನ್ನು ರೇಡಿಯೊದ ಹುಡುಗಿ ಹೋದ ತಿಂಗಳು ಒಯ್ದಿದ್ದಳು. ಆಮೇಲೆ ಫೋನ್ ಮಾಡಿದಳು.

“ಅಜ್ಜಿ, ಮಧ್ಯದಲ್ಲಿ ಯಾರೋ ಬೈತಿದ್ದಾರೆ.”

“ಯಾರೋ ಅಲ್ಲಮ್ಮ, ನಾನೇ. ಊದಿದ್ದು ಸಾಕು, ಊಟ ಆರ್ತಿದೆ ಅಂದಿದ್ದೆ. ಕಿತ್ತು ಬಿಸಾಕು ಅದನ್ನ. ನನ್ನ ಬಾಯಿ ಈ ಬೀದಿಗೆ ಗೊತ್ತಿರೋದೇ ಸಾಕು.”

ಹಾಗೇ ಮಾಡಿದ್ದಾಳೆ. ಕೊಳಲು ಎಲ್ಲೂ ತಡೆಯದೆ ಹರಿಯಿತು. ಪಕ್ಕದ ಮನೆಯವಳು ಕಣ್ಣೊರೆಸಿಕೊಂಡಳು. ನಾನು ಬೈದ ಜಾಗ ಬಂದಾಗಲೇ ನನಗೆ ನೆನಪಾದದ್ದು: ಅಲ್ಲಿ ನೀವು ಊದುವುದನ್ನು ನಿಲ್ಲಿಸಿ, ನಕ್ಕು, “ಬಂದೆ ಕಣೇ” ಅಂದಿದ್ದಿರಿ. ನಿಮ್ಮ ಮಾತು ಉಳಿದಿದ್ದದ್ದು ಅದೊಂದೇ ಕಡೆ. ನನ್ನ ಬೈಗುಳದ ಜೊತೆ ಅದೂ ಹೋಗಿದೆ.

ಆ ಹುಡುಗಿಗೆ ಫೋನ್ ಮಾಡಿದೆ.

“ಕತ್ತರಿಸಿದ್ದನ್ನ ಇಟ್ಕೊಂಡಿಲ್ಲ ಅಜ್ಜಿ. ಕ್ಯಾಸೆಟ್ಟೂ ಹಳೇದು, ಒಂದ್ಸಲ ಓಡಿಸೋದ್ರಲ್ಲೇ ರೀಲು ಪುಡಿಪುಡಿಯಾಯ್ತು. ಆದ್ರೆ ಕೊಳಲು ಒಂಚೂರೂ ಹಾಳಾಗಿಲ್ಲ, ಕೇಳಿದ್ರಲ್ಲ?” ಅಂದಳು, ಪಾಪ, ಹೆಮ್ಮೆಯಿಂದ.

“ಕೇಳಿದೆ ಮಗಳೇ, ಚೆನ್ನಾಗಿತ್ತು” ಅಂದೆ. ಅವಳನ್ನು ಬೈಯಲು ನನಗೂ ಶಕ್ತಿಯಿರಲಿಲ್ಲ.

ಈಗ ಮಧ್ಯಾಹ್ನ. ಬಡಿಸಿಟ್ಟ ಊಟ ಆರುತ್ತಿದೆ. ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.