ತಣ್ಪೆಟ್ಟಿಗೆಯ ಹಿಂದಿನ ಸಂದಿ

ಫೆಬ್ರವರಿ ಮೂವತ್ತು, ಇಸವಿ 2291
ನೆಲಮಾಳಿಗೆ

ನಮ್ಮ ಮನೆತನದ ಮೂಲದಜ್ಜಿ ಕಾಶಮ್ಮನಿಗೆ ಹುಲಿಗೆವ್ವ ಬರೆಯುವುದು.

ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವಂತೆ. ನಮಗೆ ಸಿಕ್ಕಿದೆ, ನೋಡಲು ಬಿಸಿಲು ಮಾತ್ರ ಇಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ಈ ಓಲೆ ಮುಟ್ಟುವಾಗ ನೀನಿನ್ನೂ ಹರೆಯದವಳು, ನಾನು ಹಲ್ಲುದುರಿದ ಮುದುಕಿ. ಆದ್ದರಿಂದ ಬೈಯುವ ಹಕ್ಕು ನನ್ನದೇ. ಇದಕ್ಕೆ ಹಿಂದೋಲೆ ಎನ್ನುತ್ತಾರೆ: ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಂದು ಮನೆತನಕ್ಕೆ ಒಂದೇ ಸಲ.

ನೀನು ಕೆಲಸ ಮಾಡುವ ಪ್ರಯೋಗಾಲಯದ ನೆಲಮಾಳಿಗೆಯೇ ಈಗ ನಮ್ಮ ಊರು. ನೀವು ಪೆಟ್ಟಿಗೆ ಪೇರಿಸಿಟ್ಟ ಕೋಣೆಗಳಲ್ಲಿ ನಾವು ಹೆರುತ್ತೇವೆ, ಅಣಬೆ ಬೆಳೆಯುತ್ತೇವೆ, ಜಗಳವಾಡುತ್ತೇವೆ. ಬಿಳಿಜ್ವರ ಬಂದುಹೋದ ಮೇಲೆ ನಮ್ಮ ರಕ್ತವೇ ಕೆಟ್ಟಿದೆ. ಬಿಸಿಲು ಬಿದ್ದರೆ ಚರ್ಮ ಸುಲಿದು ಸಾಯುತ್ತೇವೆ. ಮದ್ದಿಲ್ಲವೆಂದಲ್ಲ. ಜ್ವರಕ್ಕೆ ಮುಂಚೆ ಬದುಕಿದ್ದ ನಮ್ಮದೇ ಹಿರಿಯರ ಡಿಎನ್‌ಎ ಓದಿ, ಅದರ ಅಳತೆಗೆ ಮದ್ದು ಹೊಲಿಯುತ್ತಾರೆ. ಹೊಲಿಸಿಕೊಂಡವರೆಲ್ಲ ಮೆಟ್ಟಿಲು ಹತ್ತಿ ಹೋದರು. ಪಕ್ಕದ ಕೋಣೆಯವರು ಹಾಸಿದ ಚಾಪೆಯನ್ನೂ ಮಡಚದೆ ಹೋದರು. ಉಳಿದವರು ನಾವೇ.

ಯಾಕೆಂದರೆ ನೀನು ನಿನ್ನ ಡಿಎನ್‌ಎಯನ್ನೆಲ್ಲ ಒಂದೇ ನಳಿಕೆಯಲ್ಲಿ ತುಂಬಿ, ಹೆಸರು ಬರೆದು, ತಣ್ಪೆಟ್ಟಿಗೆಯಲ್ಲಿಟ್ಟೆ. ಒಂದೇ! ಉಪ್ಪಿನಕಾಯಿಯನ್ನೂ ಯಾರಾದರೂ ದೊಡ್ಡ ಭರಣಿಗೆ ದಿನವೂ ಕೈಹಾಕಿ ತಿನ್ನುತ್ತಾರೆಯೇ? ನಮ್ಮವರಿಗೋ ನೀನು ದೇವರಾದೆ. ಪ್ರತಿ ನಾಮಕರಣಕ್ಕೂ ನಳಿಕೆಯನ್ನು ಹೊರತೆಗೆದು, ಕುಂಕುಮ ಹಚ್ಚಿ, ಕೂಸಿನ ಹಣೆಗೆ ಮುಟ್ಟಿಸಿ, ಕೈಯಿಂದ ಕೈಗೆ ದಾಟಿಸಿ, ಹಾಡು ಮುಗಿದ ಮೇಲೆ ಒಳಗಿಡುವುದು ಪದ್ಧತಿ. ಅಷ್ಟರಲ್ಲಿ ಕರಗಿರುತ್ತಿತ್ತು. ಮತ್ತೆ ಹೆಪ್ಪುಗಟ್ಟುತ್ತಿತ್ತು. ಮುಂದಿನ ಕೂಸಿಗೆ ಮತ್ತೆ ಕರಗುತ್ತಿತ್ತು.

ನಿನ್ನೆ ನನ್ನ ಮೊಮ್ಮಗಳು ಶಂಕ್ರವ್ವನ ಹಸುಗೂಸಿಗೆ ಮದ್ದು ಹೊಲಿಯಲು ಮೇಲಿನಿಂದ ವೈದ್ಯೆ ಎರ್ರಮ್ಮ ಬಂದಳು. ನಳಿಕೆಯಲ್ಲಿದ್ದುದನ್ನು ಓದಿ ತಲೆಯಾಡಿಸಿದಳು.

“ಕರಗಿಸಿ ಕರಗಿಸಿ ಪುಡಿ ಮಾಡೀರಲ್ಲಬೇ. ನೆಟ್ಟಗಿನ ಎಳಿ ಒಂದೂ ಉಳಿದಿಲ್ಲ.”

“ಪೂಜಿ ಮಾಡೀವಿ, ತಾಯಿ,” ಎಂದ ನನ್ನ ಮಗ, ಕೈಮುಗಿದುಕೊಂಡೇ.

“ಹೌದೋ ಭಕ್ತಾ, ಇನ್ನಷ್ಟು ಕುಂಕುಮ ಹಚ್ಚು, ಮ್ಯಾಲಿನ ಬಾಗಿಲ ತೆರೀತದ,” ಎಂದೆ ನಾನು.

ಶಂಕ್ರವ್ವ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು, ಇಲ್ಲಿ ಬಿಸಿಲು ಬೀಳುವುದುಂಟು ಎಂಬಂತೆ.

ಈಗ ಕೇಳು. ನಿನ್ನ ಡಿಎನ್‌ಎಯನ್ನು ಸಣ್ಣ ಸಣ್ಣ ನಳಿಕೆಗಳಿಗೆ ಹಂಚು. ಒಂದರಲ್ಲಿರುವುದನ್ನು ಪೂರ್ತಿ ಒಣಗಿಸಿ, ತೇವ ಹೀರುವ ಹರಳಿನ ಜೊತೆ ಲೋಹದ ಡಬ್ಬಿಯಲ್ಲಿ ಹಾಕಿ, ಗಾಳಿಯಾಡದಂತೆ ಬೆಸೆ. ಒಣಗಿದ್ದಕ್ಕೆ ತಣ್ಪು ಬೇಡ, ಕತ್ತಲು ಸಾಕು ಎನ್ನುತ್ತಾಳೆ ಎರ್ರಮ್ಮ. ಕತ್ತಲು ಇಲ್ಲಿ ಧಾರಾಳ. ತಣ್ಪೆಟ್ಟಿಗೆಯ ಹಿಂದೆ, ಗೋಡೆಯಲ್ಲಿ, ಕೈ ಹಿಡಿಸುವಷ್ಟು ಸಂದಿಯಿದೆ. ಡಬ್ಬಿಯನ್ನು ಅದರೊಳಕ್ಕೆ ತಳ್ಳು. ಮೇಲೆ ಹೆಸರು ಬರೆಯಬೇಡ. ಬರೆದರೆ ನಮ್ಮವರು ಹುಡುಕಿ ತೆಗೆದು ಹೂವೇರಿಸುತ್ತಾರೆ.

ಎರ್ರಮ್ಮ ಮೆಟ್ಟಿಲ ಬಳಿ ಚೀಲ ಕಟ್ಟುತ್ತಿದ್ದಾಳೆ. ಇನ್ನು ಈ ಕಡೆ ಬರುವುದಿಲ್ಲವಂತೆ. ಓಲೆ ಹೊರಟ ಕೂಡಲೇ ನಾನು ಆ ಸಂದಿಗೆ ಕೈ ಹಾಕುತ್ತೇನೆ. ಬರೀ ಗೋಡೆ ಸಿಗುವಂತೆ ಮಾಡಬೇಡ, ಮಗಳೇ.