ಆಷಾಢದ ಸೆಣಬು

ಜೂನ್ ೨೯

ಇವತ್ತೂ ಎರಡು ಲೋಟ ಟೀ ಸೋಸಿದೆ. ಅಮ್ಮ ನಕ್ಕಳು. "ಅಳಿಯಂದ್ರು ಅಲ್ಲಿ ಜಡೆ ಊರಲ್ಲಿ ಕುಡ್ದಿರ್ತಾರೆ ಬಿಡೆ, ಅದನ್ನೂ ನೀನೇ ಕುಡಿ."

ಮದುವೆಯಾಗಿ ಎರಡು ತಿಂಗಳೂ ಆಗಿಲ್ಲ, ಆಷಾಢ ಎಂದು ಶಿಕಾರಿಪುರದ ತವರಿಗೆ ತಂದು ಬಿಟ್ಟರು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಂತೆ. ಎಷ್ಟು ಅನ್‌ಫೇರ್!

ಜುಲೈ ೩

ತಿಪ್ಪೇಶ್ ಫೋಟೊ ಕಳಿಸಿದ. ಅವನದಲ್ಲ — ಸೆಣಬಿನದು! ಎದೆಮಟ್ಟ ಬೆಳೆದಿದೆ. ಮದುವೆಯಾದ ವಾರದಲ್ಲೇ ನಾವಿಬ್ಬರೂ ಎರಚಿದ ಬೀಜ. ನೆಲ ಉಳದೆ, ಹೋದ ವರ್ಷದ ಜೋಳದ ದಂಟು ಸುಡದೆ, ಅದರ ನಡುವೆಯೇ. ಹೂ ಬಿಟ್ಟಾಗ ಸೆಣಬನ್ನು ಗೊಬ್ಬರವಾಗಲೆಂದು ನೆಲಕ್ಕೆ ತುಳಿದು ಮಲಗಿಸಿ, ಆ ಹೊದಿಕೆಯೊಳಗೇ ಜೋಳ ಊರಬೇಕು. ಮಾವ ಒಂದೇ ಎಕರೆ ಬಿಟ್ಟುಕೊಟ್ಟಿದ್ದಾರೆ. ಈ ಸಲ ಕೆಟ್ಟರೆ ಅದಕ್ಕೂ ಟ್ರ್ಯಾಕ್ಟರ್.

ಹೂ ಬಿಟ್ಟರೆ ಹೊಲವೆಲ್ಲ ಹಳದಿಯಂತೆ!

ಫೋನ್ ಮಾಡಿದೆ. "ನಾನು ಬರೋವರೆಗೂ ಮಲಗಿಸ್ಬೇಡ. ಪ್ರಾಮಿಸ್?"

"ಆಯ್ತು ಕಣೇ."

ಎಂಥ ಗಂಡ ನನ್ನವನು!!

ಜುಲೈ ೧೦

ಹೂ ಬಿಟ್ಟಿದೆ. ಫೋಟೊದಲ್ಲಿ ಹೂವಿನ ಮೇಲೆ ಅವನ ನೆರಳು. ನೆರಳನ್ನೇ ಝೂಮ್ ಮಾಡಿ ಮಾಡಿ ನೋಡಿದೆ...

ಜುಲೈ ೧೬

ಅತ್ತೆಯ ಫೋನ್.

"ಏನೇ ಸ್ಪಂದನ, ನನ್ ಮಗನಿಗೆ ಏನ್ ಮದ್ದು ಹಾಕಿ ಹೋಗಿದೀಯ? ಸೆಣಬು ಕೆಳಗೆಲ್ಲ ಕಾಯಿ ಕಟ್ತಾ ಐತೆ, ಇವನು ಮುಟ್ಟಲ್ಲ ಅಂತಾನೆ. ಬಲಿತ್ರೆ ದಂಟು ಕಟ್ಟಿಗೆ ಆಗ್ತದೆ, ಬೀಜ ಉದುರಿ ಜೋಳದ ತುಂಬ ಸೆಣಬೇ. ಪಕ್ಕದೋರ ಜೋಳ ಆಗ್ಲೇ ಮೊಣಕಾಲುದ್ದ. ನಿಮ್ಮಾವ ನಾಡಿದ್ದಿಗೆ ಟ್ರ್ಯಾಕ್ಟರ್ ಹೇಳಿದಾರೆ."

ನನ್ನ ಪ್ರಾಮಿಸ್‌ಗಾಗಿ! ಒಂದು ಮಾತು ಹೇಳಲಿಲ್ಲ, ಪೆದ್ದ. ತಕ್ಷಣ ಫೋನ್ ಮಾಡಿದೆ.

"ನಾಳೇನೇ ಮಲಗಿಸು."

"ನೀನು ನೋಡ್ಲೇ ಇಲ್ವಲ್ಲೇ."

"ಫೋಟೊದಲ್ಲಿ ನೋಡಿದೀನಿ. ಸಾಕು."

ಸಾಕಾಗಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳು.

ಅದೇ ದಿನ, ಸಂಜೆ

ಮತ್ತೆ ಅತ್ತೆ!

"ಹಲಗೆ ಅಡ್ಡ ಇಟ್ಟು ತುಳಿದು ಮಲಗಿಸೋಕೆ ಆ ಕಡೆ ಒಬ್ರು, ಈ ಕಡೆ ಒಬ್ರು ಬೇಕು. ನಿಮ್ಮಾವ ಬರಲ್ಲ. ನನ್ ಮಂಡಿ ಬಗ್ಗಲ್ಲ. ನೀ ಬಾ."

"ಆಷಾಢ ಅಲ್ವಾ ಅತ್ತೆ?"

"ಹೊಲಕ್ಕೇನ್ ಹೊಸಿಲು ಐತಾ? ಮನೆಗೆ ಕರೀತಿಲ್ಲ ನಿನ್ನ. ತುಳಿ, ಬುತ್ತಿ ಉಣ್ಣು, ಸಂಜೆ ಬಸ್ಸಿಗೆ ಹೋಗು."

ಅಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡಳು. "ನಿಮ್ಮತ್ತೆ ವಕೀಲ್ರಾಗ್ಬೇಕಿತ್ತು."

ಜುಲೈ ೧೭

ಸೊರಬದಲ್ಲಿ ಬಸ್ ಬದಲಿಸಿದೆ. ಕಿಟಕಿ ಸೀಟು. ಅಕ್ಷರ ಕುಣಿಯುತ್ತಿದೆ. ಕೆಸರಿಗೆಂದು ಹಳೇ ಚೂಡಿದಾರ — ಆದರೆ ಬಳೆ ಹೊಸವು, ಕಣ್ಣಿಗೆ ಕಾಡಿಗೆ!

ಮೊದಲು ಸುಮ್ಮನೆ ನಿಂತು ನೋಡುತ್ತೇನೆ. ಆಮೇಲೆ ತುಳಿಯುವುದು. ಇಷ್ಟು ದಿನ ಕಾದದ್ದನ್ನು ನನ್ನ ಕಾಲಿನಿಂದಲೇ... ಇರಲಿ, ಇನ್ನೊಂದು ತುದಿಯಲ್ಲಿ ಅವನಿರುತ್ತಾನೆ. ಸಂಜೆ ಬಸ್ಸಿನ ಯೋಚನೆ ಈಗ ಬೇಡ.

ಜಡೆಯ ತಿರುವು. ಹಳದಿ. ಇಷ್ಟೊಂದಾ?! ಬದುವಿನ ಮೇಲೆ ಹಲಗೆ ಹೆಗಲಿಗಿಟ್ಟು ನಿಂತಿದ್ದಾನೆ, ಬಸ್ಸಿನ ಕಡೆಗೇ ನೋಡುತ್ತಾ... ಇಳಿಯಬೇಕು!