ಈ ಸಲ ತವರಿಗೆ ಬರಬ್ಯಾಡ

ನರಗುಂದ
೧೮ ಆಗಸ್ಟ್ ೨೦೨೪, ರವಿವಾರ

ನನ್ನ ಬಂಗಾರ ಕವಿತಾಗ ಅವ್ವನ ಆಶೀರ್ವಾದ.

ಕೈಯಾಗ ಫೋನ್ ಇದ್ದೂ ಅವ್ವ ಕಾಗದ ಯಾಕ ಬರದಾಳ ಅಂತ ನಿನ್ನ ಎದಿ ಧಸಕ್ಕ ಅಂದಿರಬೇಕು. ಹೆದರಬ್ಯಾಡ ಅಂತ ಮೊದಲ ಬರಿಯೂನು ಅಂದ್ಕೊಂಡಿದ್ದೆ. ಆದ್ರ ನಾನ ಹೆದರಿ ಕುಂತೀನಿ, ನಿನಗ ಯಾವ ಬಾಯಿಲೆ ಹೇಳಲಿ? ನಿಮ್ಮ ಮನ್ಯಾಗ ಫೋನ್ ಬಂದ್ರ ಎಲ್ಲಾರೂ ಕೇಳೂಹಂಗ ಸ್ಪೀಕರ್ ಹಚ್ಚತಾರ. ಮಾತು ಸುರು ಮಾಡಿದ್ರ ನನಗ ಅಳು ತಡಿಯೂದಿಲ್ಲ. ಅದಕ್ಕ ನಾಳೆ ಸೀರಿ ತರಾಕ ನಿಮ್ಮೂರು ಗಜೇಂದ್ರಗಡಕ್ಕ ಬರೂ ನಮ್ಮ ಎದುರುಮನಿ ಅಕ್ಬರಸಾಬನ ಕೈಯಾಗ ಇದನ್ನ ಕೊಟ್ಟು ಕಳಸತೀನಿ. ಒಬ್ಬಾಕಿನ ಕುಂತು ಓದು.

ಕವಿತಾ, ಕುಬಸ ಆಗಿ ಉಡಿ ತುಂಬಿದಮ್ಯಾಲ ಬಾಣಂತನಕ್ಕ ನೀ ಇಲ್ಲಿಗೆ ಬರಬ್ಯಾಡ.

ಚೊಚ್ಚಲ ಬಸರಿ ಮಗಳಿಗೆ ತವರವರು ಹಿಂಗ ಬರದದ್ದು ನಾನಂತೂ ಕೇಳಿಲ್ಲ. ಮನಿಗೆ ಸುಣ್ಣ ಹಚ್ಚಸಾಕತ್ತೀವಿ, ಧೂಳು ಭಾಳ ಅಂತ ನಿಮ್ಮ ಅತ್ತಿಯವರಿಗೆ ಹೇಳಿದ್ದೆ. ಧೂಳಿಗೆ ಅಂಜಿ ಮಗಳನ್ನ ಬ್ಯಾಡ ಅನ್ನೂ ತಾಯಿ ಯಾರಿದ್ದಾಳು? ಖರೇ ಕಾರಣ ನೆಲದ್ದು. ನಮ್ಮ ಓಣಿಯ ನೆಲ ಬಾಯಿ ತೆರದೈತಿ.

ಹೋದ ಸೋಮವಾರ ಮುಂಜಾನೆ ಬಾಜೂಮನಿ ರಹಿಮತಬಿಗೆ ಅಕಿ ಪಾತೇಲಿ ತಿರುಗಿ ಕೊಡಾಕ ಹೋಗಿದ್ದೆ. ನಳ ಬಂದಿತ್ತು. ಅಡಗಿಮನ್ಯಾಗ ಬ್ಯಾರಲ್ ತುಂಬಸಾಕತ್ತಿದ್ಲು. ಕೊಡ ಹಿಡಕೊಂಡಾಕಿ ಹಂಗ ನಿಂತು, "ಅನ್ನಪೂರ್ಣಕ್ಕಾ, ನೆಲ ಅಳ್ಳಾಡಿದಂಗ ಆತಲ್ಲ?" ಅಂದ್ಲು. ನನಗೇನೂ ಅನಸಲಿಲ್ಲ. "ಬಿ.ಪಿ. ಗುಳಗಿ ತೊಗೊಂಡಿಲ್ಲೇನ?" ಅಂತ ನಕ್ಕೆ. ಆ ನಗಿ ಮುಗಿಯೂದರಾಗ ಬ್ಯಾರಲ್ ಕೆಳಗಿಳೀತು ನೋಡು. ದೊಡ್ಡ ಸಪ್ಪಳ ಇಲ್ಲ, ಏನಿಲ್ಲ. ಎತ್ತು ನೀರು ಕುಡದಂಗ ಒಂದು ಗುಟುಕು. ನೆಲದ ಫರಸಿ, ಬ್ಯಾರಲ್, ರುಬ್ಬೂ ಕಲ್ಲು ಎಲ್ಲಾ ಹೋದುವು. ರಹಿಮತಬಿ ಬಾಗಿಲ ಚೌಕಟ್ಟು ಅಪ್ಪಿಕೊಂಡು ಸೊಂಟದ ತನಕ ಕುಣ್ಯಾಗ ಜೋತಾಡತಿದ್ಲು. ಅಕಿ ರಟ್ಟಿ ಹಿಡದು ಜಗ್ಗಿದೆ. "ಕೈ ಬಿಡಬ್ಯಾಡಕ್ಕಾ, ಕೆಳಗ ಕಾಲಿಗೆ ಏನೂ ಸಿಗವಲ್ದು" ಅಂತ ಸಣ್ಣ ಹುಡುಗಿಗತೆ ಅಳಾಕತ್ತಿದ್ಲು. ನನ್ನ ಕೂಗಿಗೆ ಮಂದಿ ಓಡಿ ಬಂದು ಅಕಿನ ಮ್ಯಾಲೆತ್ತಿದರು. ಬಗ್ಗಿ ನೋಡಿದ್ರ ಕೆಳಗ ಕರೀ ನೀರು. ಕೊಳತ ಜೋಳದ ವಾಸನಿ.

ಹಗೇವು, ಕವಿತಾ. ಹಿಂದಿನವರು ಜೋಳ ತುಂಬಿ ಮುಚ್ಚಿ ಇಡತಿದ್ದ ಆಳದ ತಗ್ಗು. ಆ ಕಾಲದಾಗ ಅವು ಬಯಲಾಗ ಇದ್ದುವು. ಊರು ಬೆಳೀತು, ಬಯಲು ಓಣಿ ಆತು. ಕೆಳಗ ಏನೈತಿ ಅಂತ ಯಾರೂ ನೋಡಲಿಲ್ಲ, ಗ್ವಾಡಿಗೆ ಗ್ವಾಡಿ ಹಚ್ಚಿ ಮನಿ ಕಟಗೊಂಡ್ವಿ. ಕಾಲಿವಿ ಬಂದು ಹೊಲ ಹಸರಾದುವು, ನೆಲದಾಗಿನ ನೀರೂ ಮ್ಯಾಲ ಬಂತು. ಗಟಾರದ ನೀರಿಗೆ ಹೋಗಾಕ ದಾರಿ ಇಲ್ಲ, ಅದೂ ಬುನಾದ್ಯಾಗ ಇಳೀತು. ಆಮ್ಯಾಲ ಪುರಸಭೆಯಿಂದ ಅಳತಿ ಮಾಡಾಕ ಬಂದ ಮಂದಿನ್ನ ಯಾವ ಮನಿ ಕೆಳಗ ಹಗೇವು ಐತಿ ಅಂತ ಕೇಳಿದೆ. "ಬಿದ್ದಮ್ಯಾಲ ಗೊತ್ತಾಗತೈತಿ ಅವ್ವಾ" ಅಂದ ಒಬ್ಬ ಹುಡುಗ. ಚೇಷ್ಟಿಗೆ ಅಂದದ್ದಲ್ಲ, ಪಾಪ, ಅವನ ಮಾರಿನೂ ಬಿಳಚಿತ್ತು.

ಅವತ್ತಿನಿಂದ ನಾ ನಮ್ಮ ಮನ್ಯಾಗ ನಡಿಯೂ ರೀತಿನ ಬದಲಾಗೇತಿ. ಗ್ವಾಡಿ ಹಿಡಕೊಂಡು ಅಂಚಿಗುಂಟ ಅಡ್ಡಾಡತೀನಿ. ತುಂಬಿದ ಕೊಡ ಇಡಾಕ ಹೆದರಿಕಿ. ಮ್ಯಾಲಿನ ಓಣ್ಯಾಗ ಟ್ರ್ಯಾಕ್ಟರ್ ಹೋದ್ರ ಭಾಂಡೆ ಸಪ್ಪಳಾಗತಾವ, ನಾ ಅಂಗಳಕ್ಕ ಓಡತೀನಿ. ಊಟ ಸೇರವಲ್ದು. ನಿನ್ನ ಬಾಣಂತನಕ್ಕ ಅಂತ ತಯಾರ ಮಾಡಿದ ಕೋಣಿ ಐತೆಲ್ಲ, ಅದರ ಗ್ವಾಡಿ ಎದಿಮಟ ಹಸಿ ಏರೇತಿ, ಕರೀ ಬೂಸಲ ಹಿಡದೈತಿ. ನನ್ನ ಕೆಮ್ಮು ಫೋನಿನಾಗ ಕೇಳಿ ನೀ ದವಾಖಾನಿಗೆ ಹೋಗು ಅಂದಿದ್ದೆಲ್ಲ, ಹೋಗಿದ್ದೆ. ಡಾಕ್ಟರು ಮನಿ ಹ್ಯಾಂಗೈತಿ ಅಂತ ಕೇಳಿದರು, ಹೇಳಿದೆ. ಗುಳಗಿ ಬದಲು ಮಾಡಿ ಉಪಯೋಗಿಲ್ಲರಿ, ಮನಿ ಬದಲು ಮಾಡ್ರಿ ಅಂದರು. ಆ ಗಾಳಿಯಾಗ ಹಸಗೂಸಿನ್ನ ಹ್ಯಾಂಗ ಮಲಗಸಲಿ?

ನನ್ನ ದೊಡ್ಡ ಅಂಜಿಕಿ ಯಾವುದು ಗೊತ್ತೇನು? ನೀರು. ಬಾಣಂತಿಗೆ ಹಂಡೆ ಹಂಡೆ ನೀರು ಹಾಕಬೇಕು. ಕೂಸಿನ್ನ ಕಾಲಮ್ಯಾಲ ಹಾಕ್ಕೊಂಡು ಎರಿಯೂದು ಅಂತ ನಾ ವರ್ಷದಿಂದ ಕನಸು ಕಂಡಾಕಿ. ಈಗ ಕಣ್ಣು ಮುಚ್ಚಿದ್ರ ಅದ ಬಚ್ಚಲ ಕಾಣತೈತಿ. ನಾ ಎರಿಯಾಕತ್ತೀನಿ, ನೀರು ಮೋರಿಗೆ ಹೋಗವಲ್ದು, ಫರಸಿ ಸಂದಿಯಾಗ ಇಳಿಯಾಕತ್ತೈತಿ... ಮುಂದಿಂದು ಬರಿಯೂದಿಲ್ಲ. ಬಸರಿಗೆ ಇಷ್ಟು ಬರದದ್ದ ಹೆಚ್ಚಾತು.

ನಿಮ್ಮಪ್ಪಗ ಹೇಳಿದೆ. ಸಿಟ್ಟಿಗೆದ್ದರು. "ನನ್ನ ಮಗಳು ಹೆರಾಕ ತವರಿಗೆ ಬರಬಾರದೇನು? ಬೀಗರಿಗೆ ಏನಂತ ಹೇಳಲಿ, ನನ್ನ ಮನಿ ನೆಲ ಗಟ್ಟಿಲ್ಲ ಅಂತನಾ?" ಅಂದರು. ಅವರ ದನಿಯೊಳಗ ಸಿಟ್ಟಕಿಂತ ಬ್ಯಾರೇನೋ ಇತ್ತು. ಮತ್ತ ನಾ ಆ ಮಾತು ಎತ್ತಲಿಲ್ಲ.

ಅವರಿಗೆ ಹೇಳದಂಗ, ಗುರುವಾರ ಬಸ್ ಹತ್ತಿ ಗಜೇಂದ್ರಗಡಕ್ಕ ಬಂದಿದ್ದೆ. ಸಿಟ್ಟ ಆಗಬ್ಯಾಡ. ಮನಿ ಹುಡುಕಾಕ ಬಂದಿದ್ದೆ. ಗುಡ್ಡದ ಬಗಲಾಗ, ನೇಕಾರ ಓಣ್ಯಾಗ, ಮಾಳವ್ವ ಅನ್ನಾಕಿ ಕಡೆ ಒಂದು ಕೋಣಿ, ಬಚ್ಚಲ ಬಾಡಿಗಿಗೆ ಅದಾವ. ಒಳಗ ಹೋದಾಕಿನ ಹಿಮ್ಮಡದಿಂದ ಮೂಲಿ ಮೂಲಿಗೂ ನೆಲಾ ಗುದ್ದಿ ನೋಡಿದೆ. ಮಾಳವ್ವ ಕಣ್ಣಗಲ ಮಾಡಿ, "ಯಾಕ್ರಿ ಯಕ್ಕಾ, ಮೈಮ್ಯಾಲ ದೇವ್ರು ಬಂತೇನ್ರಿ?" ಅಂತ ಕೇಳಿದ್ಲು. ಹೇಳಿದೆ. ಅಕಿ ನಗಲಿಲ್ಲ. ಹಿತ್ತಲಿಗೆ ಕರಕೊಂಡು ಹೋಗಿ, ಮನಿ ಬುನಾದಿ ಕೂತ ಬಂಡೆಗಲ್ಲು ತೋರಿಸಿದ್ಲು. "ಕಬ್ಬಿಣದ ಹಾರಿ ಹಾಕಿದ್ರ ಹಾರಿನ ಬಗ್ಗತೈತ್ರಿ" ಅಂದ್ಲು. ಆ ಕಲ್ಲಮ್ಯಾಲ ಕುಂತು ಅತ್ತುಬಿಟ್ಟೆ. ಎರಡು ಕಿಟಕಿ ಅದಾವ, ಬಿಸಲು ಬೀಳತೈತಿ, ಗ್ವಾಡಿ ಒಣಾ ಐತಿ. ಮುಂಗಡ ಕೊಟ್ಟು ಬಂದೀನಿ.

ತಿರುಗಿ ಬರಬೇಕಾದ್ರ ಬಸ್‌ಸ್ಟ್ಯಾಂಡಿನಾಗ ನಿನ್ನ ಕಂಡೆ. ಪ್ಯಾರಲಹಣ್ಣು ಆರಿಸಾಕತ್ತಿದ್ದಿ. ಹೊಟ್ಟಿ ಮುಂದ ಬಂದೈತಿ, ನಡಗಿ ಬದಲಾಗೇತಿ. ಕೈ ಎತ್ತಿದೆ, ಹೆಸರು ಹಿಡದು ಕೂಗಬೇಕು ಅಂದೆ. ಕೂಗಿದ್ರ ನಿನ್ನ ಕೊರಳಿಗೆ ಬಿದ್ದು ಎಲ್ಲಾ ಹೇಳತಿದ್ದೆ, ಆ ಗದ್ದಲದಾಗ, ಮಂದಿ ಎದುರಿಗೆ. ಬಸ್ಸಿನ ಹಿಂದ ಸರಕೊಂಡು ನಿಂತೆ. ಹಣ್ಣು ಸೆರಗಿಗೆ ಒರಸಿ ಅಲ್ಲೇ ಕಚ್ಚಿದಿ ನೀ. ತೊಳಕೊಂಡು ತಿನ್ನವ್ವ.

ಈಗ ನಾ ಹೇಳೂದು ಇಷ್ಟು. ಕುಬಸ ಆದಮ್ಯಾಲ ನಾನ ಅಲ್ಲಿಗೆ ಬರತೀನಿ. ಮಾಳವ್ವನ ಕೋಣ್ಯಾಗ ಒಲಿ ಹೂಡತೀನಿ, ನಿನ್ನ ಬಾಣಂತನ ಅಲ್ಲೇ ಆಗತೈತಿ. ಗಂಡನ ಊರಾಗ ಬಾಡಿಗಿ ಮನಿ ಹಿಡದ ತವರವರು ಅಂತ ಮಂದಿ ನಗಲಿ. ನಿಮ್ಮ ಅತ್ತಿಯವರಿಗೆ ಸುಳ್ಳು ಹೇಳಿ ದಣದೀನಿ, ನೀ ಖರೇದ್ದು ಹೇಳು. ಅವರೂ ಹಡದವರು, ತಿಳೀತೈತಿ. ನಿಮ್ಮಪ್ಪನ್ನ ಹ್ಯಾಂಗ ಒಪ್ಪಸಲಿ ಅನ್ನೂದೊಂದು ಇನ್ನೂ ತಿಳಿವಲ್ದು. ಅವರನ್ನ ಈ ಮನ್ಯಾಗ ಒಬ್ಬರನ್ನ ಬಿಟ್ಟು ಬರಾಕ ಕಾಲು ಏಳೂದಿಲ್ಲ.

ಹೊತ್ತಿಗೆ ಉಣ್ಣು. ರಕ್ತದ ಗುಳಗಿ ತಪ್ಪಸಬ್ಯಾಡ.

ನಿನ್ನ ಹಡದವ್ವ
ಅನ್ನಪೂರ್ಣಾ

ತಾ.ಕ.: ಸೋಮವಾರ ಮುಂಜಾನೆ. ಕಾಗದ ಮಡಚಿ ಇಡೂದರಾಗ ನಿಮ್ಮಪ್ಪ ಕೈಯಾಗಿಂದ ತೊಗೊಂಡು ನಿಂತ ಓದಿದರು. ಬೈತಾರ ಅಂದ್ಕೊಂಡೆ. ಕಟ್ಟಿಮ್ಯಾಲ ಕುಂತು ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. ಆಮ್ಯಾಲ ಹೇಳಿದರು. ರಹಿಮತಬಿ ಮನಿ ಬಿದ್ದಂದಿನಿಂದ, ನಾ ಹೊರಗ ಹೋದಾಗೆಲ್ಲ, ಅವರು ನಿನ್ನ ಕೋಣ್ಯಾಗ ಜೋಳದ ಚೀಲ ಒಟ್ಟಿ, ಅದರಮ್ಯಾಲ ತಾವೂ ಹತ್ತಿ ಮಲಗತಿದ್ರಂತ. "ಇಷ್ಟು ಭಾರ ತಡಕೊಂಡ್ರ ಕವಿತಾಗೂ ಕೂಸಿಗೂ ತಡಕೋತೈತಿ ಅಂತ ನೋಡಿದೆ" ಅಂದರು. "ಬಿದ್ದಿದ್ರ?" ಅಂದೆ. "ಬಿದ್ದಿದ್ರ ಅಕಿ ಬರೂದರಾಗ ಗೊತ್ತಾಗತಿತ್ತಲ್ಲ" ಅಂದರು. ನಿನ್ನೆ ಮಧ್ಯಾಹ್ನ ಕೆಳಗ ಮಣ್ಣು ಕಳಚಿ ನೀರಾಗ ಬಿದ್ದ ಸಪ್ಪಳ ಕೇಳೇತಿ ಅವರಿಗೆ. ಆ ಕೋಣಿಗೆ ಈಗ ಕೀಲಿ ಹಾಕೀವಿ, ಚೀಲ ಒಳಗ ಇರಲಿ ಬಿಡು. ಹಾಸಿಗಿ ಅಂಗಳಕ್ಕ ಬಂದಾವ. ಕುಬಸದ ತನಕ ಕಾಯೂದಿಲ್ಲ, ನಾಳೆ ಮೊದಲನೇ ಬಸ್ಸಿಗೆ ಇಬ್ಬರೂ ಬರತೀವಿ. ಅಕ್ಬರಸಾಬ ಬಾಗಲಾಗ ನಿಂತಾನ. ನೀ ಮಾತ್ರ ನಮ್ಮನ್ನ ಕರಿಯಾಕ ಅಂತ ಈ ಕಡೆ ಹೊರಡಬ್ಯಾಡ, ಕವಿತಾ. ಬರಬ್ಯಾಡ.